ಉಜ್ಜನಪ್ಪ ವೈನ್ ಕುಡಿದ ಭಾನುವಾರ

ಕುಡಿದಿಲ್ಲ ಅಂತಿದೀನಲ್ಲ ಮಾರಾಯ್ತಿ! ಅದು ವೈನು. ನೇರಳೆ ಹಣ್ಣಿಂದು. ಹಣ್ಣಿನ ಕಾಲದಲ್ಲಿ ಮಾತ್ರ ಕೊಡ್ತಾರಂತೆ. ಶುಗರ್‌ಗೆ ನೇರಳೆ ಒಳ್ಳೇದು ಅಂತ ನೀನೇ ಹೇಳಲ್ವಾ?

ಕೂತ್ಕೋ ಕಲ್ಲಮ್ಮ, ಕೂತ್ಕೋ. ಈ ಗೋಡೆ ಯಾಕೆ ಒಂದ್ಕಡೆ ವಾಲ್ತಿದೆ?... ಸರಿ, ಸರಿ, ನಾನೇ ಕೂರ್ತೀನಿ.

ಎಲ್ಲಿಗೆ ಹೋಗಿದ್ದೆ ಅಂತಾನಾ? ಶಿವಮೊಗ್ಗ, ವಿನೋಬನಗರ. ಹೋಟ್ಲು ಅನ್ನಬಾರದು, ರೆಸ್ಟೋರೆಂಟು! ತಟ್ಟೆ ನಮ್ಮ ಹರಿವಾಣದಷ್ಟು ದೊಡ್ಡದು. ಮಧ್ಯದಲ್ಲಿ ಒಂದೇ ಒಂದು ಕಡುಬು, ಅಡಿಕೆ ಗಾತ್ರದ್ದು! "ಉಳಿದಿದ್ದು ಹಿಂದೆ ಬರ್ತಿದೆಯೇನಪ್ಪಾ?" ಅಂತ ಕೇಳಿದೆ. ಆಮೇಲೆ ಗಾಜಿನ ಬೋಗುಣಿ ಮುಚ್ಚಿ ಏನೋ ತಂದ್ರು. ಎತ್ತಿದ್ರೆ... ಹೊಗೆ! ನಾನು ಬೆಂಕಿ ಅಂದ್ಕೊಂಡು ಲೋಟದ ನೀರು ಸುರಿದೇಬಿಟ್ಟೆ! ಕಳಲೆ ಪಲ್ಯವಂತೆ, ಹೊಗೆ ಹಿಡಿಸಿದ್ದು. ಪಾಪ, ಇನ್ನೊಂದು ಮಾಡಿ ಕೊಟ್ರು. ಏನ್ ರುಚಿ ಅಂತೀಯ! ಕೊನೇಲಿ ಅಪ್ಪೆಮಿಡಿ ಐಸ್‌ಕ್ರೀಂ. ಹೂಂ ಕಣೇ, ಉಪ್ಪಿನಕಾಯಿ ಮಿಡೀದೇ! ನಗು, ನಗು, ನಾನೂ ನಕ್ಕೆ.

ಯಾರ ಜೊತೇನಾ? ಗೌಸ್ ಜೊತೆ. ಫ್ಯಾಕ್ಟರೀಲಿ ಇಷ್ಟು ವರ್ಷ ಪಕ್ಕದಲ್ಲೇ ಕೆಲಸ ಮಾಡಿದೋನು, ಕರೆದ್ರೆ ಬರಲ್ಲ ಅನ್ನೋಕಾಗುತ್ತಾ? ಅವನೇ ಬಲವಂತ ಮಾಡಿ... ಏನು? ಗೌಸ್ ಇಲ್ಲಿಗೆ ಬಂದಿದ್ನಾ? ನನ್ನ ಹುಡುಕ್ಕೊಂಡು?... ಊಟಾನೂ ಮಾಡ್ಕೊಂಡು ಹೋದ್ನಾ!

ಹಂಗಾದ್ರೆ... ಗೌಸ್ ಅಲ್ಲ... ಹಂಗೆ ನೋಡ್ಬೇಡ್ವೇ.

ಒಬ್ನೇ ಹೋಗಿದ್ದೆ. ಪೇಪರಲ್ಲಿ ಫೋಟೋ ಬಂದಿತ್ತು. ಅಡುಗೆ ಮಾಡೋರದ್ದು, ಶೆಫ್‌ದು. ಬಿಳಿ ಕೋಟು ಹಾಕ್ಕೊಂಡು...

ಬೈಯೇ.

...ಹೂಂ. ನಮ್ಮ ಮಗಳೇ, ಶೀತಲ್ಲೇ. ನಿಶ್ಚಯ ಆದ ಮದುವೆ ಬಿಟ್ಟು ಸೌಟು ಹಿಡೀತೀನಿ ಅಂತ ಹೋದೋಳ ಮುಖ ನೋಡಲ್ಲ ಅಂದಿದ್ನಲ್ಲ... ನೋಡ್ದೆ. ಒಂಚೂರು ದಪ್ಪ ಆಗಿದಾಳೆ. ಚೆಂದ ಕಾಣ್ತಾಳೆ.

ಊಟ ಆದ್ಮೇಲೆ ಟೇಬಲ್ ಹತ್ರ ಬಂದ್ಲು. ಗಿರಾಕಿಗಳನ್ನ ಕೇಳೋ ಹಂಗೇ, "ಊಟ ಹೇಗಿತ್ತು ಸರ್?" ಅಂದ್ಲು. ಸರ್ ಅಂತೆ! ನಂಗೆ! ನಾನೇನಂದೆ ಗೊತ್ತಾ? "ಹೊಟ್ಟೆ ತುಂಬ್ಲಿಲ್ಲ ಕಣಮ್ಮ" ಅಂದೆ. ಕಿಸಕ್ ಅಂತ ನಕ್ಲು. ನಕ್ಕು ನಕ್ಕು ಅತ್ತೇಬಿಟ್ಲು. ಸುತ್ತ ಜನ ಎಲ್ಲ ನೋಡ್ತಿದಾರೆ, ನಂಗೂ ತಡೀಲಿಲ್ಲ. ಇನ್ನೊಂದು ಗ್ಲಾಸ್ ತಾ ಅಂದೆ. "ಸಾಕಪ್ಪಾ, ನಡಿ, ಮನೆಗೆ ಬಿಡ್ತೀನಿ" ಅಂದ್ಲು.

ಹೌದು, ಬಾಗಿಲು ತೆಗೆದಾಗ ಬಸ್ಸಲ್ಲಿ ಬಂದೆ ಅಂದಿದ್ದು ಸುಳ್ಳು. ಇಲ್ಲಿ ಭದ್ರಾವತಿವರೆಗೂ ಅವಳ ಕಾರಲ್ಲೇ ಬಂದೆ, ಒಂದೇ ಸಮ ಮಾತಾಡ್ಕೊಂಡು. ನಮ್ಮ ಗೇಟಿನಾಚೆ ಕಾರಲ್ಲೇ ಕೂತಿದಾಳೆ. ಒಳಗೆ ಬಾ ಅಂದ್ರೆ, "ನೀನು ಕರೀತಿರೋದು ವೈನಿನ ಧೈರ್ಯದಲ್ಲಿ, ಅಮ್ಮ ಕರೆದ್ರೆ ಬರ್ತೀನಿ" ಅಂತಾಳೆ! ನಿಂಗೆ ಹೇಗೆ ಹೇಳೋದು ಅಂತ ಆಗಿಂದ...

ಕಲ್ಲಮ್ಮ? ಏಯ್, ನಿಧಾನ! ಚಪ್ಪಲಿ ಆದ್ರೂ ಮೆಟ್ಕೊಳ್ಳೇ!