ಎಣ್ಣೆ ಕುಡಿಸಿದ ಟಾಯರುಗಳ ಬಗ್ಗೆ ಡ್ರೈವರ ಯಾಕೂಬಸಾಬನ ಹೇಳಿಕೆ

ನನ್ನ ಹೆಸರು ಯಾಕೂಬಸಾಬ, ತಂದೆ ಅಹ್ಮದಸಾಬ, ವಯಸ್ಸು 21, ಉದ್ಯೋಗ ಮೋಟಾರು ಡ್ರೈವರ, ಕನ್ನಡ ನಾಲ್ಕನೇ ಇಯತ್ತೆ ಪಾಸು, ಸಾಕಿನ ಇಳಕಲ್ಲ, ತಾಲೂಕು ಹುನಗುಂದ. ಹುನಗುಂದ ಠಾಣೆಯ ಫೌಜದಾರ ಸಾಹೇಬರ ಮುಂದೆ ನಾನು ಈ ಮೂಲಕ ತಿಳಿಸುವುದೇನೆಂದರೆ:

ಎರಡು ವರ್ಷದಿಂದ ನಾನು ಸೀರೆ ವ್ಯಾಪಾರಿ ಅಂದಾನಪ್ಪನವರ ಮೋಟಾರು ಓಡಿಸುತ್ತಿದ್ದೇನೆ. ಹಿಂದಿನ ಎರಡು ಟಾಯರು ಸವೆದಿದ್ದರಿಂದ ಈ ತಿಂಗಳ 1ನೇ ತಾರೀಖು ಸೋಮವಾರ ಮಾಲಕರೊಂದಿಗೆ ಬಾಗಲಕೋಟೆಗೆ ಹೋದೆನು. ಚಾಂದಸಾಬನ ಅಂಗಡಿಯಲ್ಲಿ ಎರಡು ತರಹದವು ಇದ್ದವು. ನುಣ್ಣಗಿನವು ಬಾದಾಮಿಯ ಕಲ್ಲುದಾರಿಗೆ ಒಳ್ಳೆಯವು, ಆದರೆ ಎರೆಮಣ್ಣು ಹಸಿಯಾದರೆ ಜಾರುತ್ತವೆ. ಹಲ್ಲಿನವು ಬಿಸಿಲಿಗೂ ಕೆಸರಿಗೂ ನಡೆಯುತ್ತವೆ. ಮಾಲಕರ ಮುಂದೆ ನನಗೆ ಮಾತು ಬರುವುದಿಲ್ಲ. ಹಲ್ಲಿನವುಗಳ ಮೇಲೆ ಕೈಯಿಟ್ಟು ನಿಂತೆನು. ಅವರು ಅವನ್ನೇ ತೆಗೆದುಕೊಂಡರು. ನೆರಳಿನಲ್ಲಿ ಇಡಬೇಕು, ಬೇರೇನೂ ಮಾಡಬಾರದು ಎಂದು ಚಾಂದಸಾಬ ಹೇಳಿದನು.

ಬೀಗರ ಊರಾದ ಬಾದಾಮಿಗೆ ಹೋಗುವ ದಿನ ಹಾಕಿದರಾಯಿತೆಂದು ಮಾಲಕರು ಅವನ್ನು ಮನೆಯಲ್ಲಿ ಇಡಿಸಿದರು. ಅವರ ಹಳೆಯ ಆಳು ಅಮಾತೆಪ್ಪನು ಬಾವಿಯಿಂದ ನೀರೆತ್ತುವ ಚರ್ಮದ ಬಾನಿಗೆ ಎಣ್ಣೆ ಕುಡಿಸುವಂತೆ ಇವಕ್ಕೂ ದಿನಾಲು ಕುಸುಬಿ ಎಣ್ಣೆ ಹಚ್ಚಿ, ಎಣ್ಣೆ ಗೋಣಿಯಲ್ಲಿ ಸುತ್ತಿಟ್ಟನು. ಹೀಗೆ ಹತ್ತು ದಿನ ಆಯಿತು. ನನಗೆ ಗೊತ್ತಿರಲಿಲ್ಲ.

ಇಂದು 11ನೇ ತಾರೀಖು ಗುರುವಾರ ಮುಂಜಾನೆ 6 ಗಂಟೆಗೆ ಗೋಣಿ ಬಿಚ್ಚಿದೆನು. ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಒಂದು ಹಲ್ಲು ಉಗುರಿಗೆ ಕಿತ್ತು ಬಂದಿತು. ಎಣ್ಣೆಗೆ ರಬ್ಬರು ಕೆಟ್ಟಿತ್ತು, ದಾರಿಯಲ್ಲಿ ಒಡೆಯುವಂತಿತ್ತು. ಹಳೆಯವನ್ನೇ ಇಟ್ಟು, ಕೆಸರಿನಲ್ಲಿ ಜಾರದಂತೆ ಗಾಲಿಗೆ ಹಗ್ಗ ಸುತ್ತಿ ನಿಧಾನ ಹೋಗೋಣವೆಂದು ಮಾಲಕರಿಗೆ ಹೇಳಿದೆನು. ಅದಕ್ಕೆ ಅವರು, “ಮೋಟಾರಿಗೆ ಹಗ್ಗ ಕಟ್ಟತೀಯೇನಲೇ? ಇದೇನ ಎತ್ತಂತ ತಿಳದೀ? ಬೀಗರ ಊರಾಗ ನನ್ನ ಮಾರಿ ಕೆಡಸಬ್ಯಾಡ” ಅಂದರು. ಅಮಾತೆಪ್ಪ, “ಮೂವತ್ತ ವರ್ಷ ಬಾನಿಗೆ ಎಣ್ಣಿ ಕುಡಿಸೇನಿ, ಒಂದರ ಹರದತೇನ? ನಿನ್ನೆ ಮೊನ್ನೆ ಹುಟ್ಟಿದಾಂವ ನನಗ ಹೇಳತಾನ” ಎಂದು ನಕ್ಕನು. ಇಬ್ಬರೂ ಸೇರಿ ಎಣ್ಣೆ ಕುಡಿದ ಟಾಯರುಗಳನ್ನೇ ಹಾಕಿಸಿದರು.

7 ಗಂಟೆಗೆ ಮಾಲಕರ ತಾಯಿ ಗುರುಲಿಂಗವ್ವನವರು, ಸೊಸೆ, ಮೂರು ಮಕ್ಕಳು ಹತ್ತಿ ಕುಳಿತರು. ಬಾದಾಮಿಯಲ್ಲಿ ಗುರುಲಿಂಗವ್ವನವರ ಮೊಮ್ಮಗಳ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದರು. ನಾನು ಮೋಟಾರು ಚಾಲೂ ಮಾಡುವ ಹ್ಯಾಂಡಲ್ ಹಿಡಿದು ಮುಂದೆ ನಿಂತೆನು, ತಿರುಗಿಸಲಿಲ್ಲ. ನೀ ಒಲ್ಲೆಂದರೆ ಬೇರೆ ಡ್ರೈವರನನ್ನು ಕರೆಸುವೆನೆಂದು ಮಾಲಕರು ಹೇಳಿದರು. ಆಗ ಗುರುಲಿಂಗವ್ವನವರು ನನ್ನನ್ನು ನೋಡಿ, “ಯಾಕೂಬಾ, ಖರೇ ಹೇಳು. ನಿಮ್ಮವ್ವನ್ನ ಇದರಾಗ ಕೂಡಸತಿದ್ದೇನು?” ಎಂದು ಕೇಳಿದರು.

“ಕೂಡಸತಿರಲಿಲ್ರಿ ಅವ್ವಾರ” ಅಂದೆನು.

ಹ್ಯಾಂಡಲ್ ಇಲ್ಲದೆ ಈ ಮೋಟಾರು ಚಾಲೂ ಆಗುವುದಿಲ್ಲ. ಅದನ್ನು ಹೆಗಲ ವಲ್ಲಿಯಲ್ಲಿ ಸುತ್ತಿಕೊಂಡು 7 ಗಂಟೆ 20 ನಿಮಿಷಕ್ಕೆ ಹೊರಟೆನು. ಮಾಲಕರು ಕಳ್ಳನೆಂದು ಕೂಗಿದರು. ಇಳಕಲ್ಲ ಪೊಲೀಸ ಚೌಕಿಯಲ್ಲಿ ಜಮಾದಾರರು ಇರಲಿಲ್ಲ. ಎಂಟು ಮೈಲಿ ಕೆಸರಿನಲ್ಲಿ ನಡೆದು 10 ಗಂಟೆಗೆ ಈ ಠಾಣೆಗೆ ಬಂದು ಹ್ಯಾಂಡಲನ್ನು ಮೇಜಿನ ಮೇಲೆ ಇಟ್ಟೆನು. ಮಾಲಕರು ಬೇರೆಯವರ ಕುದುರೆ ಟಾಂಗಾದಲ್ಲಿ ಬಂದು 11 ಗಂಟೆಗೆ ಕಳವಿನ ಫಿರ್ಯಾದಿ ಕೊಟ್ಟಿದ್ದಾರೆ. ಆ ಎರಡು ಟಾಯರು ಬಿಚ್ಚುವವರೆಗೆ ಹ್ಯಾಂಡಲನ್ನು ಯಾರಿಗೂ ಕೊಡಬಾರದೆಂದು ನನ್ನ ಅರಿಕೆ. ನನ್ನ ಕೆಲಸ ಹೋದರೆ ಹೋಗಲಿ.

ಠಾಣೆಯ ಕಾರಕೂನರು ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ಅವರು “ಅದನ್ನು ಕದ್ದು ಹೆಗಲ ವಲ್ಲಿಯಲ್ಲಿ ಸುತ್ತಿಕೊಂಡು” ಎಂದು ಬರೆದಿದ್ದರು. “ಕದ್ದು” ಎಂಬುದನ್ನು ಹೊಡೆದುಹಾಕುವವರೆಗೆ ಸಹಿ ಮಾಡುವುದಿಲ್ಲವೆಂದು ಹೇಳಿದೆನು. ಹೊಡೆದಿದ್ದಾರೆ. ಈಗ ಉಳಿದದ್ದೆಲ್ಲ ಖರೆ ಇದೆ.

ಸ್ಥಳ: ಹುನಗುಂದ
ತಾರೀಖು: 11 ಸಪ್ಟೆಂಬರ 1924
ಸಹಿ: ಯಾಕೂಬಸಾಬ ಅಹ್ಮದಸಾಬ, ಸ್ವಂತ ಕೈಯಿಂದ ಸಹಿ ಮಾಡಿದ್ದು