ಹೆಸರು ಹಾಕಿಲ್ಲ

ಕೂಡ್ಲಿಗಿ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಸ್ಥಳೀಯ ಪತ್ರಿಕೆಯ ವರದಿಗಾರ ಅರುಣಕುಮಾರ್ ಕುಳಿತಿದ್ದ. ಕೋರ್ಟಿನ ಕಡೆಯಿಂದ ಬಂದ ಹೆಂಗಸೊಬ್ಬಳು ಅವತ್ತಿನ ಪೇಪರನ್ನು ಅವನ ಮುಂದೆ ಹಿಡಿದಳು.

“ನಮ್ಮ ತಂಗಿ ಮಗಳ ಕೇಸು ನೀವಾ ಬರದದ್ದೇನ್ರಿ?”

“ಹೌದವ್ವಾ. ಪೋಕ್ಸೊ ಕೇಸು ಅಲ್ಲೇನ್ರಿ, ಕಾನೂನು ಪ್ರಕಾರ ಹುಡುಗಿ ಹೆಸರು ಹಾಕಿಲ್ಲ ನೋಡ್ರಿ.”

“ಹೆಸರು ಹಾಕಿಲ್ಲ. ಊರು ಹಾಕೀರಿ. ಹಿಟ್ಟಿನ ಗಿರಣಿ ನಡಸಾಕಿ ಮಗಳು ಅಂತ ಹಾಕೀರಿ.”

“ಅದು ಹೆಸರಲ್ಲಲ್ಲವ್ವಾ.”

“ನಮ್ಮೂರಾಗ ಇರೋದು ಒಂದಾ ಗಿರಣಿ.”

ಆಕೆ ಊರಿನ ಹೆಸರನ್ನೂ ಹೇಳಿದಳು. ನಾನಿಲ್ಲಿ ಅದನ್ನು ಬರೆಯುವುದಿಲ್ಲ.

“ಓದೋರಿಗೆ ಸ್ವಲ್ಪ ವಿವರ ಬೇಕಾಗ್ತೈತವ್ವಾ.”

“ಹುಡುಗಿ ಇವತ್ತು ಸಾಲಿಗೆ ಹೋಗಿಲ್ಲ. ಇರ್ಲಿ, ಆ ಆರೋಪಿ ಬಗ್ಗೆ ಏನು ಬರದೀರಿ, ಓದ್ರಿ.”

ಅವನು ಮೆಲ್ಲಗೆ ಓದಿದ. “ಜಿಲ್ಲೆಯ ಪ್ರತಿಷ್ಠಿತ ವ್ಯಕ್ತಿಯೊಬ್ಬರು.”

“ಅವಗ ಹೆಸರಿಲ್ಲೇನ್ರಿ?”

“ಇನ್ನಾ ಸಾಬೀತಾಗಿಲ್ಲವ್ವಾ.”

“ಅವನ ಹೆಸರು ಹಾಕಬಾರದು ಅಂತ ಕಾನೂನು ಐತೇನ್ರಿ?”

“ಕಾನೂನೇನೂ ಇಲ್ಲ.”

“ದೀಪಾವಳಿಗೆ ನಿಮ್ಮ ಪೇಪರ್ನಾಗ ಅರ್ಧ ಪುಟ ಅವನ ಫೋಟೊ ಇತ್ತು. ಕೆಳಗ ದಪ್ಪಗ ಹೆಸರೂ ಇತ್ತು.”

“ಅದು ಜಾಹೀರಾತವ್ವಾ.”

“ಈಗ ಅವನ ಊರು ಹಾಕೀರೇನು?”

“ಇಲ್ಲ.”

“ಕಸುಬು?”

ಅಷ್ಟರಲ್ಲಿ ಕೊಟ್ಟೂರಿನ ಬಸ್ಸು ಬಂದು ನಿಂತಿತು. ಆಕೆ ಪೇಪರನ್ನು ಮಡಚಿ ಅವನ ಕೈಗೇ ಕೊಟ್ಟಳು.

“ಗುರುತು ಸಿಗದಂಗ ಬರಿಯೋದು ನಿಮಗ ಚೊಲೊ ಬರ್ತೈತ್ರಿ. ಇನ್ನೊಮ್ಮೆ ನಮ್ಮ ಹುಡುಗಿ ಬಗ್ಗೆನೂ ಅವನ ಬಗ್ಗೆ ಬರದಂಗಾ ಬರೀರಿ.”

ಆಕೆ ಬಸ್ಸು ಹತ್ತಿದಳು.