ಹಿಂದಿನ ಸೀಟಿನ ಕಲ್ಲು

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಯಾರೋ ಹೊತ್ತು ಕಳೆಯೋಕೆ ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗ ದುರ್ಗೇಶನಿಗೆ ಹೋದ ವರ್ಷ ಏಪ್ರಿಲ್‌ನಲ್ಲಿ ಆದದ್ದು. ಅವನ ಬಾಯಿಂದಲೇ ಕೇಳಿದ್ದು.

ದುರ್ಗೇಶ ಹೊಸದುರ್ಗದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮನೆ ಬಾಗೂರಿನಾಚೆ, ಹೊಲದಲ್ಲೇ. ಅವತ್ತು ನಾಲ್ಕು ದಿನದ ರಜ ಹೇಳಿ, ಕೊನೇ ಬಸ್ಸು ಹಿಡಿದು ಇಳಿದಾಗ ಹತ್ತೂವರೆ. ಕೈಯಲ್ಲಿ ಚೀಲ. ಅದರಲ್ಲಿ ವಾಂತಿ ಮಾತ್ರೆ, ಆರು ನಿಂಬೆಹಣ್ಣು, ಮಂಡಕ್ಕಿ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ಸಮುದ್ರ ನೋಡೋಕೆ ಹೊರಡಬೇಕಿತ್ತು.

ರಸ್ತೆಯಿಂದ ಮನೆಗೆ ಒಂದು ಮೈಲಿ ನಡಿಗೆ. ನಡುವೆ ಅವರದೇ ಬಾವಿ. ಒಂದು ವರ್ಷದಿಂದ ಅವನು ಆ ಬಾವಿ ಬಂದ ಕೂಡಲೇ ಮುಖ ಆಚೆ ತಿರುಗಿಸಿಕೊಂಡು ದಾಟುತ್ತಿದ್ದ...

ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

ಅವನಿಗೊಬ್ಬ ತಮ್ಮ ಇದ್ದ, ಕನಕರಾಜ್. ಹಳೇ ಓಮ್ನಿಯೊಂದನ್ನು ಬಾಡಿಗೆಗೆ ಓಡಿಸುತ್ತಿದ್ದ. ಬೇಸಿಗೆ ಬಂತೆಂದರೆ ಅವನದು ಒಂದೇ ಹಟ, ಅವ್ವನಿಗೆ ಸಮುದ್ರ ತೋರಿಸಬೇಕು. ಅವ್ವ ತಿಪ್ಪಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ ಬಿಟ್ಟರೆ ಬೇರೆ ದೊಡ್ಡ ನೀರು ಕಂಡವಳಲ್ಲ. ಕನಕ ಒಂದು ಹಾಳೆ ಹರಿದು ಎಲ್ಲ ಬರೆದಿಟ್ಟಿದ್ದ. ಶಿವಮೊಗ್ಗ, ಸಾಗರ, ಘಾಟಿ ಇಳಿದು ಹೊನ್ನಾವರ. ಅಲ್ಲಿಂದ ಕಡಲ ದಂಡೆ ಹಿಡಿದು ಮುರುಡೇಶ್ವರ, ಮರವಂತೆ, ಮಲ್ಪೆ. ಅಣ್ಣ ಓಡಿಸಲಿ, ಅತ್ತಿಗೆ ಮುಂದೆ ಕೂರಲಿ, ಅವ್ವ ಹಿಂದೆ ಕಿಟಕಿ ಪಕ್ಕ, ಅವ್ವನ ಪಕ್ಕ ನಾನು, ಅಂತ. ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ, ‘ಒಟ್ಟು ನಾಲ್ಕು ಜನ’.

ಹೊರಡುವ ಹಿಂದಿನ ದಿನ ಬಾವಿಯ ಮೋಟರು ನೀರೆತ್ತಲಿಲ್ಲ. ಪೈಪಿನ ಬಾಯಿಗೆ ಏನೋ ಕಸ ಸಿಕ್ಕಿತ್ತು. ನಾಲ್ಕು ದಿನ ನೀರಿಲ್ಲದಿದ್ದರೆ ಈರುಳ್ಳಿ ಹೋಗುತ್ತೆ, ಇಳಿದು ತೆಗಿ ಅಂದ ದುರ್ಗೇಶ. ಕನಕನಿಗೆ ಈಜು ಬರುತ್ತಿರಲಿಲ್ಲ. ಎರಡು ಸಲ ಬೇಡ ಅಂದ. ಗಂಡಸಲ್ಲವೇನೋ ನೀನು, ಇಳಿ, ಅಂದ ಇವನು. ಮೂರನೇ ಮೆಟ್ಟಿಲಿನ ಪಾಚಿಗೆ ಕಾಲು ಜಾರಿತು. ಇವನು ಹಗ್ಗ ತಂದು ಬಿಡುವಷ್ಟರಲ್ಲಿ ನೀರಿನ ಮೇಲೆ ಒಂದು ಚಪ್ಪಲಿ ಮಾತ್ರ ತೇಲುತ್ತಿತ್ತು.

ಊರಿಗೆ, ಹೆಂಡತಿಗೆ, ಹೆತ್ತವ್ವನಿಗೆ ದುರ್ಗೇಶ ಹೇಳಿದ್ದೇ ಬೇರೆ. ನಾನು ಮನೇಲಿ ಇರಲಿಲ್ಲ, ಅವನಷ್ಟಕ್ಕೆ ಅವನೇ ಇಳಿದಿದ್ದಾನೆ, ಅಂತ. ಎಲ್ಲರೂ ನಂಬಿದರು.

ಅಲ್ಲಿಂದ ತಿಪ್ಪಮ್ಮ ಅನ್ನ ನೀರು ಬಿಟ್ಟಂತೆಯೇ. ಮುದ್ದೆ ಮುರಿದು ತಟ್ಟೆಯ ಅಂಚಿಗೆ ಇಟ್ಟು ಏಳೋಳು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರೆ ಡಾಕ್ಟರು ರೋಗವೇ ಇಲ್ಲ ಅಂದರು. ಕೈ ಬಳೆ ಮೊಣಕೈಗೆ ಜಾರುವಷ್ಟು ಸೊರಗಿದಳು. ಒಂದು ವರ್ಷದ ಮೇಲೆ, ಒಂದು ಸಂಜೆ, ಅವಳಾಗಿಯೇ ಕೇಳಿದಳು, ‘ಸಮುದ್ರ ಇಲ್ಲಿಂದ ಎಷ್ಟು ದೂರ ಐತಪ್ಪ?’ ಅಷ್ಟೇ ಕೇಳಿದ್ದು. ದುರ್ಗೇಶನಿಗೆ ಹೋದ ಜೀವ ಬಂದಂತಾಯಿತು. ಸಮುದ್ರ ತೋರಿಸಿದರೆ ಅವ್ವ ಉಳಿದಾಳು, ಅವ್ವ ಉಳಿದರೆ ತನ್ನ ತಪ್ಪು ಒಂದಿಷ್ಟಾದರೂ ಕಡಿಮೆಯಾದೀತು ಅಂತ ಅವನ ಆಸೆ. ಓಮ್ನಿ ತೊಳೆಸಿದ. ತಮ್ಮ ಬರೆದಿಟ್ಟ ಹಾಳೆಯನ್ನೇ ಹುಡುಕಿ ತೆಗೆದ.

ಈಗ ಬಾವಿಗೆ ಬರೋಣ.

ಬಾವಿ ಇನ್ನೂ ನೂರು ಹೆಜ್ಜೆ ದೂರ ಇದೆ, ಫೋನು. ಹೆಂಡತಿ ಸುಮಿತ್ರಾ. ಪಿಸುಮಾತು.

‘ರೀ... ಅತ್ತೆ ಇನ್ನೂ ಮಲಗಿಲ್ಲ. ಮೂರೇ ಜನ ಹೊರಡ್ತೀವಲ್ಲ, ಕಲ್ಲು ತಗಂಡ್ರಾ ಅಂತ ಕೇಳ್ತಾವ್ರೆ.’

ನಮ್ಮ ಕಡೆ ಗೊತ್ತಲ್ಲ, ಮೂರು ಜನ ಒಟ್ಟಿಗೆ ಪ್ರಯಾಣ ಹೊರಡುವುದಿಲ್ಲ. ಹೊರಡಲೇಬೇಕಾದರೆ ಒಂದು ಕಲ್ಲು ಎತ್ತಿಕೊಂಡು, ನಮ್ಮ ಜೊತೆ ಬಾ ಅಂತ ಕರೆದು, ನಾಲ್ಕನೆಯವರು ಅಂತ ಲೆಕ್ಕ ಹಿಡಿಯುತ್ತಾರೆ. ತಲುಪಿದ ಜಾಗದಲ್ಲಿ ಅದನ್ನು ಬಿಟ್ಟುಬರುತ್ತಾರೆ. ಆದರೆ ಆ ಕಲ್ಲು ಸ್ವಂತ ಹೊಸ್ತಿಲ ಮುಂದಿನದೇ ಆಗಬೇಕು.

‘ಬಾಗ್ಲ ಮುಂದೆ ನೋಡು.’

‘ಎಲ್ಲೈತ್ರಿ? ಸಿಮೆಂಟು ಹಾಕ್ಸಿದ್ದೀವಲ್ಲ. ಒಂದು ಚೂರು ಕಲ್ಲಿಲ್ಲ. ದಾರೀಲಿ ಎಲ್ಲಾದ್ರೂ ಒಂದು ತಗಂಬರ್ರಿ.’

ಫೋನು ಜೇಬಿಗೆ ಹಾಕಿ ನಡೆದ. ನಿದ್ದೆಗಣ್ಣು, ದಣಿವು. ತಲೆ ತುಂಬ ಬೆಳಗಿನ ಗಡಿಬಿಡಿ. ಕಾಲಿಗೆ ಒಂದು ಕಲ್ಲು ತಗುಲಿತು... ಬಗ್ಗಿ ಎತ್ತಿಕೊಂಡ. ನಿಂಬೆಹಣ್ಣಿನ ಗಾತ್ರ. ಅಭ್ಯಾಸಬಲದಿಂದ ಬಾಯಿ ಅಂದೇಬಿಟ್ಟಿತು, ‘ಬಾರಪ್ಪ... ನಮ್ಮ ಜೊತೆ ಹೋಗಾಣ.’

ಆಮೇಲೆ ತಲೆ ಎತ್ತಿದ. ಬಾವಿ ಕಟ್ಟೆ ಪಕ್ಕದಲ್ಲೇ ಇತ್ತು.

ಒಳಗೆ, ಆಳದಲ್ಲಿ... ಗುಳುಕ್. ಒಂದೇ ಸಲ.

ಕಪ್ಪೆ ಇರಬೇಕು ಅಂದುಕೊಂಡ. ನಡೆದ. ಹಿಂದೆ... ಪಚ್. ನಿಂತ. ಅದೂ ನಿಂತಿತು. ನಡೆದ. ಪಚ್... ಪಚ್... ಒದ್ದೆ ಚಪ್ಪಲಿಯ ಸದ್ದು. ಎರಡು ಕಾಲಿನದಲ್ಲ. ಒಂದು ಕಾಲಿಗೆ ಮಾತ್ರ ಚಪ್ಪಲಿ ಇದ್ದಂತೆ. ಅವನು ಹಿಂದೆ ನೋಡಲಿಲ್ಲ. ಕಲ್ಲು ಹಾಕಿಕೊಂಡಿದ್ದ ಜೇಬಿನಿಂದ ತಣ್ಣಗೆ ನೀರು ತೊಡೆಗುಂಟ ಇಳಿಯುತ್ತಿತ್ತು. ಕಲ್ಲನ್ನು ಎಸೆದುಬಿಡಬೇಕು ಅನಿಸಿತಂತೆ. ಕರೆದಾಗಿದೆ, ಕರೆದು ನಡುದಾರಿಯಲ್ಲಿ ಹೇಗೆ ಬಿಡೋದು ಅಂತ ಬಿಡಲಿಲ್ಲವಂತೆ.

ಮನೆ ಜಗಲಿಯಲ್ಲಿ ತಿಪ್ಪಮ್ಮ ಕೂತಿದ್ದಳು. ಮಗನನ್ನು ನೋಡಲಿಲ್ಲ. ಅವನ ಪಕ್ಕಕ್ಕೆ ನೋಡಿದಳು.

‘ಇಬ್ರೂ ಬಂದ್ರಾ. ಸುಮಿತ್ರಾ, ಇನ್ನೊಂದು ತಟ್ಟೆ ಹಾಕವ್ವ.’

ವಯಸ್ಸಾದವರ ಮಾತು ಅಂತ ಸುಮಿತ್ರಾ ಸುಮ್ಮನೆ ಒಂದು ಖಾಲಿ ತಟ್ಟೆ ಇಟ್ಟಳು. ತಿಪ್ಪಮ್ಮ ಅವತ್ತು ಒಂದಿಡೀ ಮುದ್ದೆ ಉಂಡಳು. ಸಾರು ಇನ್ನಷ್ಟು ಬಡಿಸಿಕೊಂಡಳು. ಒಂದು ವರ್ಷದಲ್ಲಿ ಮೊದಲ ಸಲ. ಸುಮಿತ್ರಾ ಖುಷಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ದುರ್ಗೇಶ ಉಣ್ಣದೇ ಎದ್ದ. ಕಲ್ಲನ್ನು ಓಮ್ನಿಯ ಹಿಂದಿನ ಸೀಟಿನ ಮೇಲಿಟ್ಟು ಬಂದು ಮಲಗಿದ.

ರಾತ್ರಿ ಒಂದು ಗಂಟೆ ಇರಬಹುದು.

ಝರ್ರ್ರ್... ಠಪ್.

ಓಮ್ನಿಯ ಸರಿಯೋ ಬಾಗಿಲು. ಆ ಬಾಗಿಲ ಸಂಗತಿ ಕೇಳಿ. ಅದರ ಹಳಿ ಸವೆದಿತ್ತು. ಯಾರೇ ಎಳೆದರೂ ನಡುವೆ ಕಚ್ಚಿಕೊಳ್ಳುತ್ತಿತ್ತು, ಎರಡೆರಡು ಸಲ ಎಳೆಯಬೇಕು. ಒಂಚೂರು ಎತ್ತಿ ಒಂದೇ ಸಲಕ್ಕೆ ಹಾಕುವ ಕೈಚಳಕ ಇದ್ದದ್ದು ಕನಕನಿಗೆ ಮಾತ್ರ. ದುರ್ಗೇಶ ಕೇಳಿದ್ದು ಒಂದೇ ಸಲ.

ಅವ್ವನ ಹಾಸಿಗೆ ಖಾಲಿ. ಹೊರಗೆ ಹೋಗಿ ಬಾಗಿಲು ಎಳೆದ. ಕಚ್ಚಿತು. ಮತ್ತೆ ಎಳೆದ. ತಿಪ್ಪಮ್ಮ ಕಿಟಕಿ ಪಕ್ಕ ಕೂತಿದ್ದಳು. ಮೈ ತುಂಬ ಸೆರಗು ಹೊದ್ದು, ಊರಿಗೆ ಹೊರಟವಳ ಹಾಗೆ. ಪಕ್ಕದ ಸೀಟು ಖಾಲಿ. ಆದರೆ ರೆಕ್ಸಿನ್ ಒಳಕ್ಕೆ ಕುಗ್ಗಿತ್ತು... ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

‘ಅವ್ವ... ಇನ್ನೂ ಟೈಮಾಗಿಲ್ಲ. ಬಾ, ಒಳಗೆ ಮಲಿಕ್ಕ.’

‘ಲೇ ದುರ್ಗ... ಅವನಿಗೆ ಈಜು ಬರ್ತಿರ್ಲಿಲ್ಲ ಅಂತ ನಿನಗೆ ಗೊತ್ತಿತ್ತಲ್ಲೇನೋ.’



‘ಯಾರು... ಯಾರು ಹೇಳಿದ್ರವ್ವ?’

ತಿಪ್ಪಮ್ಮ ಖಾಲಿ ಸೀಟಿನ ಮೇಲೆ ಕೈ ಇಟ್ಟಳು.

‘ಎರಡು ಸಲ ಬ್ಯಾಡ ಅಂದನಂತೆ. ನೀನು ಇಳಿ ಅಂದ್ಯಂತೆ. ಹೌದೇನೋ?’

ಸುಳ್ಳು ಹೇಳಬಹುದಿತ್ತು. ಒಂದು ವರ್ಷ ಹೇಳಿದ್ದನಲ್ಲ. ‘ಹೂಂ ಅವ್ವ. ಅಂದೆ,’ ಅಂದ.

ಬೈಯುತ್ತಾಳೆ, ಹೊಡೆಯುತ್ತಾಳೆ, ಕೊನೆಗೆ ಅಳುತ್ತಾಳೆ ಅಂತ ಕಾದ. ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ ಕಣೋ, ಅಂದ ನನ್ನ ಹತ್ತಿರ. ಅವಳು ಅವನ ಕಡೆ ತಿರುಗಲೂ ಇಲ್ಲ.

‘ಬಾಗ್ಲು ಹಾಕು. ಗಾಳಿ ಬತ್ತೈತೆ.’

ಅದೇ ಕೊನೇ ಮಾತು. ಅವನು ಎರಡು ಸಲ ಎಳೆದು ಬಾಗಿಲು ಹಾಕಿದ. ಅಲ್ಲೇ ಚಕ್ರಕ್ಕೆ ಒರಗಿ ಕೂತ. ಕ್ಷಮಿಸು ಅನ್ನೋಕೆ ಧೈರ್ಯ ಬರಲಿಲ್ಲ, ಎದ್ದು ಹೋಗೋಕೂ ಆಗಲಿಲ್ಲ. ನಾಲ್ಕಕ್ಕೆ ಒಳಗೆ ಸುಮಿತ್ರಾಳ ಫೋನಿನ ಅಲಾರಂ ಹೊಡೆಯಿತು. ಬಾಗಿಲು ತೆಗೆದರೆ ಅವ್ವ ಹಾಗೇ ಕೂತಿದ್ದಳು, ತಣ್ಣಗೆ. ಕಣ್ಣು ಕಿಟಕಿಯಾಚೆ.

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಕಲ್ಲು ಇನ್ನೂ ಸೀಟಿನ ಮೇಲೇ ಇತ್ತು. ಇಷ್ಟು ಬಿಸಿಲಿನಲ್ಲೂ ಒಣಗಿರಲಿಲ್ಲ. ಊರಿನ ಹಿರಿಯ ಚಿತ್ತಪ್ಪನನ್ನು ಕೇಳಿದ, ಹೊರಡದೇ ಇದ್ದ ಪ್ರಯಾಣದ ಕಲ್ಲನ್ನು ಎಲ್ಲಿ ಬಿಡೋದು, ಅಂತ. ಮುದುಕ ‘ಎಲ್ಲಿಂದ ಕರ್ಕಂಡು ಬಂದ್ಯೋ ಅಲ್ಲೇ ಬಿಟ್ಟು ಬಾರಪ್ಪ’ ಅಂದ.

ಹಾಡಹಗಲೇ ಹೋದ. ಬಾವಿಗೆ ಎಸೆದ. ಗುಳುಂ ಅಂದದ್ದು ಕಿವಿಯಾರೆ ಕೇಳಿದ. ನೀರು ನಿಶ್ಚಲ ಆಗುವ ತನಕ ನಿಂತು ನೋಡಿದ. ಮನೆಗೆ ಬಂದು, ಎರಡು ಸಲ ಎಳೆದು, ಓಮ್ನಿ ಬಾಗಿಲು ತೆಗೆದ.

ಅವತ್ತೇ ನನಗೆ ಫೋನು ಮಾಡಿದ್ದು. ಹೋದೆ. ಅವನು ಸಿಮೆಂಟಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಆ ಹಾಳೆ. ಎಲ್ಲ ಹೇಳಿ ಮುಗಿಸಿ, ಒಂದೇ ಒಂದು ಮಾತು ಕೇಳಿದ.

‘ಈಗ ಒಟ್ಟು ನಾಲ್ಕು ಜನ ಆಯ್ತಲ್ಲ... ಇನ್ನು ಹೊರಡಲೇಬೇಕೇನೋ?’

ಓಮ್ನಿ ಅಲ್ಲೇ ನಿಂತಿದೆ, ಬೇಕಾದರೆ ಹೋಗಿ ನೋಡಿ. ನಾನಂತೂ ಅವತ್ತು ಬಗ್ಗಿ, ಕೈಯಾರೆ ಮುಟ್ಟಿ ನೋಡಿದೆ. ಹಿಂದಿನ ಸೀಟಿನ ಮೇಲೆ ಎರಡು ಕಲ್ಲಿದ್ದವು. ಕಿಟಕಿ ಪಕ್ಕದ್ದು ಚಿಕ್ಕದು. ಎರಡೂ ಒದ್ದೆ.